ಟೆಕ್ಸಾಸ್‌ನಲ್ಲಿ ರಾತ್ರಿ ಹಂದಿ ಬೇಟೆಗೆ ರೈಫಲ್ ಸಜ್ಜು ಮಾಡುವುದು ಹೇಗೆ: ಕಾಗದಪತ್ರದಿಂದ ಮೊದಲ ಈಡಿನವರೆಗೆ

ಟೆಕ್ಸಾಸ್‌ನಲ್ಲಿ ಕಾಡುಹಂದಿ ಬೇಟೆಗೆ ಋತುವಿಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯಿಲ್ಲ, ಖಾಸಗಿ ಜಮೀನಿನಲ್ಲಿ ರಾತ್ರಿಗೂ ತಡೆಯಿಲ್ಲ. ಜಿಂಕೆಯ ವಿಷಯದಲ್ಲಿ ದಿನ, ಗಂಟೆ ಎಲ್ಲ ಲೆಕ್ಕ ಹಾಕುವ ರಾಜ್ಯ ಹಂದಿಯ ವಿಷಯದಲ್ಲಿ ಮಾತ್ರ ಇಷ್ಟು ಧಾರಾಳ. ಯಾಕೆಂದರೆ ಇವು ಇಲ್ಲಿನ ಮೂಲ ಪ್ರಾಣಿಗಳಲ್ಲ. ಸ್ಪೇನಿನವರು ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು. 1930ರ ದಶಕದಲ್ಲಿ ಬೇಟೆಗೆಂದೇ ತಂದುಬಿಟ್ಟ ಯುರೋಪಿನ ಕಾಡುಹಂದಿಗಳು ಅವುಗಳ ಜೊತೆ ಬೆರೆತವು. ಅಮೆರಿಕದ ಕೃಷಿ ಇಲಾಖೆಯ ಅಂದಾಜಿನಲ್ಲಿ ಈಗ ದೇಶದ ಸುಮಾರು 35 ರಾಜ್ಯಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಹಂದಿಗಳಿವೆ. ಅತಿ ಜಾಸ್ತಿ ಇರುವುದು ಟೆಕ್ಸಾಸ್‌ನಲ್ಲೇ. ಜೋಳ, ಕಡಲೆಕಾಯಿ, ಹುಲ್ಲುಗಾವಲು, ಯಾವುದನ್ನೂ ಬಿಡುವುದಿಲ್ಲ. ಬೇಸಿಗೆಯ ಬಿಸಿಲಿಗೆ ಹಗಲೆಲ್ಲ ಹಳ್ಳದ ಕೆಸರಿನಲ್ಲಿ ಬಿದ್ದಿದ್ದು ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ. ಹಾಗಾಗಿ ಬೇಟೆಯೂ ರಾತ್ರಿಯದೇ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಇರುವ ನಮ್ಮವರಲ್ಲಿ ಕೆಲವರು ಆಫೀಸಿನ ಗೆಳೆಯರ ಜೊತೆ ಒಮ್ಮೆ ರ‍್ಯಾಂಚಿಗೆ (ದನ ಸಾಕುವ ದೊಡ್ಡ ಜಮೀನಿಗೆ) ಹೋಗಿ ಬಂದು, ಆಮೇಲೆ ತಮ್ಮದೇ ರೈಫಲ್ ಕಟ್ಟಿಸಿಕೊಳ್ಳುವ ಯೋಚನೆ ಮಾಡುತ್ತಾರೆ. ಈ ಬರಹ ಅಂಥವರಿಗೆ. ಹೆಚ್ಚಿನವರು ಮೊದಲು ಕೋವಿಗೆ ಹಣ ಸುರಿದು, ಉಳಿದ ಚಿಲ್ಲರೆಯಲ್ಲಿ ಸ್ಕೋಪ್ ಕೊಳ್ಳುತ್ತಾರೆ. ರಾತ್ರಿ ಬೇಟೆಗೆ ಇದು ತಲೆಕೆಳಗಾದ ಲೆಕ್ಕ. ಎದುರಿಗಿರುವುದು ಹಂದಿಯೋ ಕರುವೋ ಎಂದು ತೋರಿಸದ ರೈಫಲ್ ಎಷ್ಟು ಚೆನ್ನಾಗಿದ್ದರೂ ಕುದುರೆ (ಟ್ರಿಗರ್) ಎಳೆಯುವ ಹಾಗಿಲ್ಲ. ಮೊದಲು ಕಣ್ಣು, ಆಮೇಲೆ ಕೋವಿ. ಕೆಳಗಿನ ಎಲ್ಲ ಹಂತಗಳೂ ಈ ಲೆಕ್ಕದ ಮೇಲೆಯೇ ನಿಂತಿವೆ.

ಹಂತ 1: ಕಾಗದಪತ್ರ

ಬೇಸರ ಹುಟ್ಟಿಸುವ ಭಾಗ, ಆದರೆ ನಮ್ಮವರಿಗೆ ಅತಿ ಮುಖ್ಯವಾದದ್ದು ಇದೇ.

2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯಿದ್ದರೆ, ಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಬೇಕಿಲ್ಲ. ಇದನ್ನು ಕೇಳಿ "ಹಾಗಾದರೆ ನನಗೂ ಬೇಡ" ಅಂದುಕೊಳ್ಳಬೇಡಿ. ನೀವು ಎಚ್-1ಬಿ, ಎಲ್-1, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು, ತೋಟಾ ಇಟ್ಟುಕೊಳ್ಳುವುದೇ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅಂದರೆ ಹಂದಿಗೆ ಬೇಡವಾದ ಲೈಸೆನ್ಸ್ ನಿಮ್ಮ ವೀಸಾಕ್ಕೆ ಬೇಕು. ಗೆಳೆಯನ ಕೋವಿಯನ್ನು ಗುರಿ ಅಭ್ಯಾಸದ ರೇಂಜಿನಲ್ಲಿ ಹಿಡಿದು ಹೊಡೆದರೂ ಇದೇ ಮಾತು ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಟೆಕ್ಸಾಸ್‌ನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಕೋವಿ ಮನೆಯ ಕಪಾಟಿನಲ್ಲಿದ್ದು ಲೈಸೆನ್ಸ್ ಮುಗಿದರೆ ಆ ದಿನದಿಂದಲೇ ತೊಂದರೆ. ಹೊಸದು ಆಗಸ್ಟ್ ಮಧ್ಯದಲ್ಲೇ ಸಿಗುತ್ತದೆ, ಹಳೆಯದು ಮುಗಿಯುವುದರೊಳಗೆ ತೆಗೆದುಕೊಂಡುಬಿಡಿ. 1971ರ ಸೆಪ್ಟೆಂಬರ್ 2 ಮತ್ತು ಆಮೇಲೆ ಹುಟ್ಟಿದವರು ಬೇಟೆ ತರಬೇತಿ ಕೋರ್ಸ್ ಮುಗಿಸಿರಬೇಕು. 17 ದಾಟಿದವರಿಗೆ ಅದು ಆನ್‌ಲೈನ್‌ನಲ್ಲೇ ಆಗುತ್ತದೆ. ವೀಸಾ ಬದಲಾವಣೆಯ ನಡುವೆ ಇದ್ದರೆ, ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದರೆ, ಕೋವಿ ಅಂಗಡಿಗೆ ಹೋಗುವ ಮೊದಲು ವಲಸೆ ವಕೀಲರ ಹತ್ತಿರ ಒಂದು ಮಾತು ಕೇಳಿ. ಇಲ್ಲಿ ಆಗುವ ತಪ್ಪಿಗೆ ದಂಡ ಕಟ್ಟಿ ಪಾರಾಗುವುದಕ್ಕೆ ಆಗುವುದಿಲ್ಲ.

ಜಮೀನಿನ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ರಾತ್ರಿ ಹೋಗುವ ಮೊದಲು ಆ ಕೌಂಟಿಯ ಗೇಮ್ ವಾರ್ಡನ್‌ಗೆ (ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿಗೆ) ಫೋನ್ ಮಾಡಿ ತಿಳಿಸುವುದು ಕಡ್ಡಾಯವಲ್ಲ, ಆದರೆ ಒಳ್ಳೆಯ ರೂಢಿ. ಕತ್ತಲಲ್ಲಿ ಗುಂಡಿನ ಸದ್ದು ಕೇಳಿದ ನೆರೆಯವರು ಪೊಲೀಸರನ್ನು ಕರೆದರೆ ಆಗ ಅದರ ಬೆಲೆ ಗೊತ್ತಾಗುತ್ತದೆ. ಸಾರ್ವಜನಿಕ ರಸ್ತೆಯಿಂದ ಹೊಡೆಯುವುದು ಅಪರಾಧ. ಬೇರೆ ರಾಜ್ಯಗಳ ನಿಯಮ ಬೇರೆಯೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೋವಿಯ ಸದ್ದು ತಗ್ಗಿಸುವ ಸೈಲೆನ್ಸರ್ ಇಟ್ಟುಕೊಳ್ಳುವುದಕ್ಕೇ ಇಲ್ಲ.

ಊರಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಮಲೆನಾಡಿನ ಗದ್ದೆ ತೋಟಗಳಲ್ಲಿ ಹಂದಿ ಕಾಟ ಎಷ್ಟೆಂದು ಗೊತ್ತು. ಆದರೆ ಅಲ್ಲಿ ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತದೆ. ಇಲ್ಲಿ ಬರೆದದ್ದು ಅಲ್ಲಿಗೆ ಅನ್ವಯಿಸುವುದಿಲ್ಲ.

ಹಂತ 2: ಜಾಗ ನೋಡಿ, ಆಮೇಲೆ ತೋಟಾ ಆರಿಸಿ

"ಯಾವ ಕ್ಯಾಲಿಬರ್ (ತೋಟಾದ ಅಳತೆ) ಒಳ್ಳೇದು?" ಎಂಬ ಪ್ರಶ್ನೆಗೆ ಉತ್ತರ ನೀವು ಹೊಡೆಯುವ ಜಾಗದಲ್ಲಿದೆ. ಪೂರ್ವ ಟೆಕ್ಸಾಸ್‌ನ ಪೈನ್ ಕಾಡಿನ ನಡುವೆ, ಪ್ರಾಣಿಗಳಿಗೆ ಮೆಕ್ಕೆಜೋಳ ಉದುರಿಸುವ ಫೀಡರ್ ಹತ್ತಿರ ಕೂತು ಹೊಡೆಯುವುದಾದರೆ ದೂರ 50 ರಿಂದ 100 ಗಜ. ಉತ್ತರದ ಗೋಧಿ ಹೊಲಗಳಲ್ಲಿ ನಡೆದು ಹೋಗಿ ಹೊಡೆಯುವುದಾದರೆ 200 ಗಜದ ಈಡೂ ಬರಬಹುದು.

ಇಂದು ಇಲ್ಲಿ ಹಂದಿಗೆಂದು ಕಟ್ಟುವ ರೈಫಲ್‌ಗಳಲ್ಲಿ ಬಹುಪಾಲು ಎಆರ್-15 ಮಾದರಿಯವು, ಅಂದರೆ ಪ್ರತಿ ಈಡಿನ ಮೇಲೆ ಮುಂದಿನ ತೋಟಾವನ್ನು ತಾವೇ ತುಂಬಿಕೊಳ್ಳುವಂಥವು. ಒಂದು ಹಿಂಡಿಗೆ ಎರಡನೇ, ಮೂರನೇ ಈಡು ಬೇಗ ಬೇಕಾಗುತ್ತದೆ. ನಳಿಗೆಯ ಭಾಗವನ್ನು ಬದಲಿಸಿ ತೋಟಾ ಬದಲಿಸಿಕೊಳ್ಳಬಹುದು. ಅದರಲ್ಲಿ ನಾನು ಮೂರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಮಾಮೂಲಿ .223 ಅಥವಾ 5.56. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಸರಿಯಾದ ಬೇಟೆ ಗುಂಡು ಹಾಕಿ, ಸರಿಯಾದ ಜಾಗಕ್ಕೆ ಹೊಡೆದರೆ ಹಂದಿ ಬೀಳುತ್ತದೆ. ದೊಡ್ಡ ಗಂಡುಹಂದಿಯ ಹೆಗಲ ಮೇಲೆ ದಪ್ಪ ತೊಗಲಿನ ಗುರಾಣಿ ಬೆಳೆದಿರುತ್ತದೆ. ಓರೆಯಾಗಿ ನಿಂತಾಗ ಸಣ್ಣ ಗುಂಡಿಗೆ ಅದು ಕಷ್ಟ.

.300 ಬ್ಲ್ಯಾಕ್‌ಔಟ್. 2011ರಲ್ಲಿ ಅಧಿಕೃತ ಮಾನದಂಡಕ್ಕೆ ಸೇರಿದ ತೋಟಾ. ಚಿಕ್ಕ ನಳಿಗೆಯಲ್ಲೂ ಚೆನ್ನಾಗಿ ಉರಿಯುತ್ತದೆ, ಸೈಲೆನ್ಸರ್ ಜೊತೆ ಹೊಂದುತ್ತದೆ, 5.56ರದೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ), ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ನಡೆಯುತ್ತದೆ. 110 ರಿಂದ 125 ಗ್ರೇನ್‌ನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ವೇಗದ ಗುಂಡು 150 ಗಜದವರೆಗೆ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಶಬ್ದಕ್ಕಿಂತ ನಿಧಾನ ಹೋಗುವ 200 ಗ್ರೇನ್ ಮೇಲಿನ ಗುಂಡಿನ ಬಗ್ಗೆ ತುಂಬ ಜನ ಮೋಹದಿಂದ ಮಾತಾಡುತ್ತಾರೆ. ಅದರ ಶಕ್ತಿ ವೇಗದ ಗುಂಡಿನ ಅರ್ಧಕ್ಕಿಂತ ಕಡಿಮೆ. ಹತ್ತಿರದ ಫೀಡರ್‌ಗೆ, ಆ ವೇಗದಲ್ಲೂ ಅರಳುವಂತೆ ಮಾಡಿದ ಗುಂಡಿನಲ್ಲಿ ಮಾತ್ರ ಸರಿ. ಗಾಯಗೊಂಡ ಹಂದಿಯನ್ನು ಕತ್ತಲಲ್ಲಿ ಪೊದೆಯೊಳಗೆ ಹುಡುಕುವ ಆಸೆ ಇಲ್ಲದವರು ವೇಗದ ಗುಂಡನ್ನೇ ಹಾಕಿ.

6.5 ಗ್ರೆಂಡೆಲ್. ನನ್ನ ಆಯ್ಕೆ ಇದು. 123 ಗ್ರೇನ್ ಗುಂಡು ಗಾಳಿಯಲ್ಲಿ ಚೆನ್ನಾಗಿ ಸಾಗುತ್ತದೆ, 200 ಗಜದಲ್ಲೂ ಕಸುವು ಉಳಿದಿರುತ್ತದೆ, ಹೆಗಲಿಗೆ ಒದೆತ ಹಗುರ. ಇದಕ್ಕೆ ಬೇರೆ ಬೋಲ್ಟ್, ಬೇರೆ ಮ್ಯಾಗಜಿನ್ ಬೇಕು. ಆ ಖರ್ಚು ಒಂದೇ ಸಲದ್ದು.

.308 ಹೊಡೆಯುವ ಎಆರ್-10 ಕೂಡ ಇದೆ. ಶಕ್ತಿಯಲ್ಲಿ ಸಂಶಯವಿಲ್ಲ. ಥರ್ಮಲ್ ಸ್ಕೋಪ್ (ಮೈಶಾಖ ನೋಡುವ ಸ್ಕೋಪ್), ಸೈಲೆನ್ಸರ್, ತುಂಬಿದ ಮ್ಯಾಗಜಿನ್ ಎಲ್ಲ ಸೇರಿದ ತೂಕವನ್ನು ಉಳುಮೆ ಮಾಡಿದ ಹೊಲದಲ್ಲಿ ಅರ್ಧ ರಾತ್ರಿ ಹೊತ್ತು ನಡೆದವರು ಎರಡನೇ ಸಲ ಯೋಚಿಸುತ್ತಾರೆ.

ಒಂದು ಎಚ್ಚರಿಕೆ. .300 ಬ್ಲ್ಯಾಕ್‌ಔಟ್ ಮತ್ತು 5.56 ಎರಡೂ ಒಂದೇ ಮ್ಯಾಗಜಿನ್‌ನಲ್ಲಿ ಕೂರುತ್ತವೆ. ಕೆಲವು .300 ತೋಟಾಗಳು 5.56ರ ನಳಿಗೆಯೊಳಗೆ ಹೊಕ್ಕು ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಹೊಡೆದರೆ ಕೋವಿ ಸಿಡಿಯುತ್ತದೆ. ಮನೆಯಲ್ಲಿ ಎರಡೂ ಇದ್ದರೆ ಮ್ಯಾಗಜಿನ್‌ಗಳ ಬಣ್ಣವೇ ಬೇರೆ ಇರಲಿ, ಮೇಲೆ ಪಟ್ಟಿ ಸುತ್ತಿ. ಬೇಟೆಗೆ ಒಯ್ಯುವ ಚೀಲದಲ್ಲಿ ಒಂದೇ ಜಾತಿಯ ತೋಟಾ ಇರಲಿ. ಕತ್ತಲಲ್ಲಿ ಕೈ ತಡಕಾಡುವಾಗ ನೆನಪನ್ನು ನಂಬಬೇಡಿ.

ಹಂತ 3: ರೈಫಲ್‌ನ ದೇಹ

ಎಆರ್‌ನಲ್ಲಿ ಕಾನೂನಿನ ಪ್ರಕಾರ "ಬಂದೂಕು" ಎನ್ನಿಸಿಕೊಳ್ಳುವುದು ನಂಬರ್ ಹೊಡೆದ ಕೆಳಭಾಗ, ಅಂದರೆ ಲೋಯರ್. ಅದನ್ನು ಲೈಸೆನ್ಸ್ ಇರುವ ಡೀಲರ್ ಹತ್ತಿರವೇ, ಹಿನ್ನೆಲೆ ಪರಿಶೀಲನೆ ಮಾಡಿಸಿಕೊಂಡು ಕೊಳ್ಳಿ. ಮೇಲ್ಭಾಗ, ಅಂದರೆ ನಳಿಗೆ, ಬೋಲ್ಟ್, ಕೈಹಿಡಿ ಇರುವ ಅಪ್ಪರ್ ಅನ್ನು ಕಾರ್ಖಾನೆಯಲ್ಲೇ ಜೋಡಿಸಿದ್ದನ್ನು ತರಿಸಿ. ಬಿಡಿಬಿಡಿ ಭಾಗ ತಂದು ಗ್ಯಾರೇಜಿನಲ್ಲಿ ಜೋಡಿಸುವುದು ಇಲ್ಲಿ ದೊಡ್ಡ ಹವ್ಯಾಸವೇ ಹೌದು. ಮೊದಲ ಕೋವಿಗೆ ಅದು ಬೇಡ. ಬೇಕೇಬೇಕೆಂದರೆ ಗನ್‌ಸ್ಮಿತ್ (ಕೋವಿ ರಿಪೇರಿಯವರು) ಹತ್ತಿರ ಹೆಡ್‌ಸ್ಪೇಸ್, ಅಂದರೆ ಬೋಲ್ಟ್‌ಗೂ ತೋಟಾಕ್ಕೂ ನಡುವಿನ ಅಂತರದ ತಪಾಸಣೆ ಮಾಡಿಸದೆ ಒಂದು ತೋಟಾವನ್ನೂ ಹಾಕಬೇಡಿ.

ನಳಿಗೆ ಕನಿಷ್ಠ 16 ಇಂಚು. ಅದಕ್ಕಿಂತ ಗಿಡ್ಡವಾದರೆ ಬೇರೆ ನೋಂದಣಿ ಬೇಕು. ಗ್ರೆಂಡೆಲ್‌ಗೆ 18 ಇಂಚು ಹದ. ತುದಿಯಲ್ಲಿ ಸೈಲೆನ್ಸರ್‌ಗೆ ತಿರುಪಿನ ಮರೆ (ಥ್ರೆಡ್) ಕೊರೆದಿರಲಿ. ಸೈಲೆನ್ಸರ್ ಹಾಕಿದಾಗ ಹಿಂದಕ್ಕೆ ಗ್ಯಾಸಿನ ಒತ್ತಡ ಜಾಸ್ತಿಯಾಗಿ ಹೊಗೆ ಮುಖಕ್ಕೆ ಬಡಿಯುತ್ತದೆ. ಹಾಗಾಗಿ ಆ ಗ್ಯಾಸನ್ನು ಹೆಚ್ಚು ಕಡಿಮೆ ಮಾಡಿ ಹೊಂದಿಸಬಹುದಾದ ಗ್ಯಾಸ್ ಬ್ಲಾಕ್ ಇರುವ ಅಪ್ಪರ್ ತೆಗೆದುಕೊಂಡರೆ ಆಮೇಲೆ ನೆಮ್ಮದಿ.

ಕೋವಿಯ ಮೇಲೆ ಹಣ ಹಾಕುವುದಾದರೆ ಟ್ರಿಗರ್‌ಗೆ ಹಾಕಿ. ಎರಡು ಹಂತದ ಒಳ್ಳೆಯ ಟ್ರಿಗರ್ ಬೆರಳಿಗೆ ಮುಂಚಿತವಾಗಿ ಸುಳಿವು ಕೊಡುತ್ತದೆ. ತುಂಬ ಹಗುರ ಮಾಡಿಸಬೇಡಿ. ಚಳಿಗೆ ಮರಗಟ್ಟಿದ ಬೆರಳು, ಕೈಗವಸು, ಕತ್ತಲು, ಇವೆಲ್ಲ ಇರುವಾಗ ಅತಿ ಹಗುರದ ಟ್ರಿಗರ್ ಅಪಾಯ. ಉಳಿದಂತೆ ಉದ್ದ ಹೊಂದಿಸಬಹುದಾದ ಸ್ಟಾಕ್ (ಹೆಗಲಿಗೆ ಆನಿಸುವ ಭಾಗ), ಒಂದು ಹೆಗಲಪಟ್ಟಿ, ಕೈಹಿಡಿಯ ಅಡಿಯಲ್ಲಿ ಟ್ರೈಪಾಡ್‌ಗೆ ಸಿಕ್ಕಿಸುವ ಆರ್ಕಾ ಹಳಿ. ಸಾಕು. ಲೇಸರ್, ಎರಡನೇ ಹಿಡಿ, ಎರಡು ಕಾಲಿನ ಬೈಪಾಡ್ ಎಲ್ಲ ಸುಮ್ನೆ ತೂಕ. ಮೊಣಕಾಲೆತ್ತರದ ಹುಲ್ಲಿನಲ್ಲಿ ಬೈಪಾಡ್ ಬಿಚ್ಚಿ ಮಲಗಿದರೆ ನಿಮಗೆ ಕಾಣುವುದು ಹುಲ್ಲು ಮಾತ್ರ.

ಹಂತ 4: ಕಣ್ಣು

ಇಲ್ಲಿ ನಿಧಾನವಾಗಿ ಓದಿ. ಹಣ ಹೋಗುವುದೂ ಇಲ್ಲೇ, ತಪ್ಪಾಗುವುದೂ ಇಲ್ಲೇ.

ಕತ್ತಲಲ್ಲಿ ನೋಡಲು ಮೂರು ದಾರಿಗಳಿವೆ. ಮೊದಲನೆಯದು ಮಾಮೂಲಿ ಗಾಜಿನ ಸ್ಕೋಪ್, ಜೊತೆಗೆ ಕೆಂಪು ಅಥವಾ ಹಸಿರು ದೀಪ. ಫೀಡರ್ ಹತ್ತಿರದ ಬೇಟೆಗೆ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ. ಎರಡನೆಯದು ಡಿಜಿಟಲ್ ನೈಟ್ ವಿಷನ್. ಇದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪ ಬಿಟ್ಟು ಅದರ ಬೆಳಕಿನಲ್ಲಿ ನೋಡುತ್ತದೆ. ಚಿತ್ರ ಸ್ಪಷ್ಟ, ಬೆಲೆ ಕಡಿಮೆ, ಆದರೆ ಹುಲ್ಲಿನ ಮರೆಯಲ್ಲಿರುವ ಪ್ರಾಣಿ ತಟ್ಟನೆ ಕಾಣುವುದಿಲ್ಲ. ಮೂರನೆಯದು ಥರ್ಮಲ್. ಪ್ರಾಣಿಯ ಮೈಶಾಖವನ್ನೇ ಚಿತ್ರ ಮಾಡುತ್ತದೆ. ಬೆಳಕೇ ಬೇಕಿಲ್ಲ. ಹಂದಿ ಬೇಟೆಯಲ್ಲಿ ಈಗ ಇದೇ ರಾಜ.

ಥರ್ಮಲ್ ಕೊಳ್ಳುವಾಗ ಡಬ್ಬದ ಮೇಲಿನ "1800 ಮೀಟರ್ ಪತ್ತೆ" ಎಂಬ ಸಾಲನ್ನು ಮರೆತುಬಿಡಿ. ಅಷ್ಟು ದೂರದಲ್ಲಿ ಏನೋ ಬೆಚ್ಚಗಿನದು ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಅದು ಏನು ಎಂದು ಗೊತ್ತಾಗುವ ದೂರ ತುಂಬ ಕಡಿಮೆ. ಈ ಲೆಕ್ಕವನ್ನು ನೀವೇ ಹಾಕಬಹುದು. ಸೆನ್ಸರ್‌ನ ಒಂದು ಪಿಕ್ಸೆಲ್ ಈಗ ಸಾಮಾನ್ಯವಾಗಿ 12 ಮೈಕ್ರಾನ್. ಅದನ್ನು ಲೆನ್ಸ್‌ನ ಫೋಕಲ್ ಉದ್ದದಿಂದ ಭಾಗಿಸಿ, ದೂರದಿಂದ ಗುಣಿಸಿ. 35 ಮಿಲಿಮೀಟರ್ ಲೆನ್ಸ್‌ನಲ್ಲಿ 200 ಮೀಟರ್ ದೂರಕ್ಕೆ ಒಂದು ಪಿಕ್ಸೆಲ್ ಸುಮಾರು 7 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. ಅಂದರೆ 1.2 ಮೀಟರ್ ಉದ್ದದ ಹಂದಿ 17 ಪಿಕ್ಸೆಲ್‌ನ ಒಂದು ಬಿಳಿ ಮುದ್ದೆ. 50 ಮಿಲಿಮೀಟರ್ ಲೆನ್ಸ್ ಆದರೆ 25 ಪಿಕ್ಸೆಲ್. ಕಿವಿ, ಬಾಲ, ಕಾಲಿನ ಉದ್ದ ಕಾಣಲು ಶುರುವಾಗುವುದು ಆಗ.

ಲೆನ್ಸ್ ದೊಡ್ಡದಾದಷ್ಟೂ ನೋಟದ ಅಗಲ ಕಡಿಮೆಯಾಗುತ್ತದೆ. ಅಲ್ಲೇ ಅಡ್ಡಕ್ಕೆ 640 ಮತ್ತು 384 ಪಿಕ್ಸೆಲ್ ಇರುವ ಸೆನ್ಸರ್‌ಗಳ ವ್ಯತ್ಯಾಸ ಬರುವುದು. 35 ಮಿಲಿಮೀಟರ್ ಲೆನ್ಸ್‌ಗೆ 384 ಸೆನ್ಸರ್ ಹಾಕಿದರೆ 100 ಮೀಟರ್‌ನಲ್ಲಿ ಸುಮಾರು 13 ಮೀಟರ್ ಅಗಲ ಕಾಣುತ್ತದೆ. ಅದೇ ಲೆನ್ಸ್‌ಗೆ 640 ಆದರೆ ಸುಮಾರು 22 ಮೀಟರ್. ಮೊದಲ ಈಡಿಗೆ ಚೆದುರಿ ಓಡುವ ಹಿಂಡಿನಲ್ಲಿ ಈ ಅಗಲ ಇಲ್ಲದಿದ್ದರೆ ಖಾಲಿ ಹೊಲ ನೋಡುತ್ತ ನಿಲ್ಲಬೇಕಾಗುತ್ತದೆ. ಅಂಗಡಿಯಲ್ಲಿ 384 ಸ್ಕೋಪ್‌ಗಳು ಸಾಮಾನ್ಯವಾಗಿ 1500 ರಿಂದ 2500 ಡಾಲರ್ ಆಸುಪಾಸು, 640ರವು 3000ದಿಂದ ಮೇಲೆ. ಫೀಡರ್ ಬೇಟೆಗೆ 384 ಸಾಕು. ತೆರೆದ ಹೊಲಕ್ಕೆ 640 ಬೇಕು. ಹಣ ಸಾಲದಿದ್ದರೆ ಕೋವಿಯನ್ನು ಅಗ್ಗ ಮಾಡಿ, ಸ್ಕೋಪನ್ನಲ್ಲ.

ಇನ್ನು ಮೂರು ಅಂಕಿ ನೋಡಿ. ರಿಫ್ರೆಶ್ 50 ಹರ್ಟ್ಜ್ ಇದ್ದರೆ ಓಡುವ ಹಂದಿ ತೊದಲದೆ ಕಾಣುತ್ತದೆ. ಶಾಖದ ಸೂಕ್ಷ್ಮತೆ, ಎನ್‌ಇಟಿಡಿ ಅಂತ ಬರೆದಿರುತ್ತಾರೆ, 40 ಮಿಲಿಕೆಲ್ವಿನ್‌ಗಿಂತ ಕಡಿಮೆ ಇರಲಿ. ಹ್ಯೂಸ್ಟನ್ ಕಡೆಯ ತೇವದ ಗಾಳಿಯಲ್ಲಿ 25ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮಂಜು, ಮಳೆ, ಆರ್ದ್ರತೆ ಇದ್ದರೆ ಥರ್ಮಲ್ ಚಿತ್ರ ಮಸುಕಾಗುತ್ತದೆ. ಮೂಲ ವರ್ಧನೆ 2 ರಿಂದ 3 ಪಟ್ಟು ಇರಲಿ. ಡಿಜಿಟಲ್ ಜೂಮ್ ಪಿಕ್ಸೆಲ್‌ಗಳನ್ನೇ ಹಿಗ್ಗಿಸುತ್ತದೆ, ಹೊಸ ವಿವರ ತರುವುದಿಲ್ಲ.

ಲೇಸರ್ ದೂರಮಾಪಕ ಒಳಗೇ ಇರುವ ಸ್ಕೋಪ್ ತೆಗೆದುಕೊಳ್ಳಿ. ಥರ್ಮಲ್‌ನಲ್ಲಿ ದೂರದ ಅಂದಾಜೇ ಸಿಗುವುದಿಲ್ಲ. ಹತ್ತಿರದ ಮರಿ, ದೂರದ ಗಂಡುಹಂದಿ ಎರಡೂ ಒಂದೇ ಗಾತ್ರ.

ಇದಕ್ಕೆಲ್ಲ ಇಷ್ಟು ಒತ್ತು ಯಾಕೆ? ದಕ್ಷಿಣ ಟೆಕ್ಸಾಸ್‌ನ ಮುಳ್ಳುಕುರುಚಲಿನಲ್ಲಿ ಹಾವೆಲಿನಾ ಎಂಬ ಪ್ರಾಣಿ ಇದೆ. ಚಿಕ್ಕ ಹಂದಿಯ ಹಾಗೇ ಕಾಣುತ್ತದೆ, ಹಿಂಡಿನಲ್ಲೇ ತಿರುಗುತ್ತದೆ. ಅದು ಹಂದಿಯಲ್ಲ, ಋತು ಮತ್ತು ಮಿತಿ ಇರುವ ಬೇಟೆ ಪ್ರಾಣಿ. ರಾತ್ರಿ ಹೊಡೆದರೆ ಅಪರಾಧ. ಪಶ್ಚಿಮದ ಆಡು ಸಾಕುವ ಕಡೆ ಮಂದೆಯ ನಡುವೆಯೇ ಕಾವಲು ನಾಯಿಗಳು ಮಲಗಿರುತ್ತವೆ. ದೊಡ್ಡ ಮೈ, ತಗ್ಗಿಸಿದ ತಲೆ, ಮಸುಕು ಚಿತ್ರದಲ್ಲಿ ಹಂದಿಯೇ. ಹುಲ್ಲಿನಲ್ಲಿ ಮಲಗಿದ ಎಳೆಗರು ಇನ್ನೊಂದು. ಕರಡಿಗೂ ಟೆಕ್ಸಾಸ್‌ನಲ್ಲಿ ರಕ್ಷಣೆ ಇದೆ. ಅದರ ಗುಂಡಗಿನ ಬೆನ್ನೂ ಮೋಸ ಮಾಡುತ್ತದೆ.

ಕೋವಿಯ ಸ್ಕೋಪ್ ಜೊತೆಗೆ ಕೈಯಲ್ಲಿ ಹಿಡಿಯುವ ಚಿಕ್ಕ ಥರ್ಮಲ್ ಮಾನೋಕ್ಯುಲರ್ (ಒಂದು ಕಣ್ಣಿನ ದುರ್ಬೀನು) ಬೇಕೇಬೇಕು. ಹೊಲ ಜಾಲಾಡುವುದು ಅದರಲ್ಲಿ. ಕೋವಿಯ ಸ್ಕೋಪಿನಲ್ಲಿ ಸುತ್ತ ನೋಡುವುದೆಂದರೆ ತುಂಬಿದ ನಳಿಗೆಯನ್ನು ನೆರೆಮನೆ, ದನ, ಜೊತೆಗಾರ ಎಲ್ಲರ ಮೇಲೆ ಸವರಿದಂತೆ. ಇದನ್ನು ಮಾಡುವವರ ಜೊತೆ ನಾನು ಎರಡನೇ ಸಲ ಹೋಗುವುದಿಲ್ಲ.

ಇನ್ನೊಂದು ವಿಷಯ. ಊರಿಗೆ ಹೋಗುವಾಗ "ಅಪ್ಪನಿಗೆ ತೋಟ ಕಾಯಲು ಆಗುತ್ತೆ" ಅಂತ ಈ ಸ್ಕೋಪನ್ನು ಸೂಟ್‌ಕೇಸಿಗೆ ಹಾಕಬೇಡಿ. ಥರ್ಮಲ್ ಸ್ಕೋಪ್‌ಗಳ ಮೇಲೆ ಅಮೆರಿಕದ ರಫ್ತು ನಿಯಂತ್ರಣ ಇದೆ. ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ದರೆ ದೊಡ್ಡ ಪ್ರಕರಣವಾಗುತ್ತದೆ.

ಹಂತ 5: ಸೈಲೆನ್ಸರ್ ಮತ್ತು ಕಿವಿ

ಟೆಕ್ಸಾಸ್‌ನಲ್ಲಿ ಸೈಲೆನ್ಸರ್ ಹಾಕಿ ಬೇಟೆಯಾಡಬಹುದು. ಆದರೆ ಅದು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಾಯಿಸಬೇಕಾದ ವಸ್ತು. ಆ ಕಾಯ್ದೆಯ ಕಾಲದಿಂದಲೂ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ತೆರಿಗೆ ಹೋಯಿತೆಂದು ನೋಂದಣಿ ಹೋಗಿಲ್ಲ. ಅರ್ಜಿ, ಬೆರಳಚ್ಚು, ಫೋಟೋ, ಅನುಮತಿಗೆ ಕಾಯುವುದು ಎಲ್ಲ ಮೊದಲಿನಂತೆಯೇ. ಡೀಲರ್ ಮೂಲಕ ಕೊಳ್ಳಿ. ಮನೆಯಲ್ಲಿ ಮಾಡುವ ಕಿಟ್‌ಗಳ ಕಡೆ ತಲೆಯೂ ಹಾಕಬೇಡಿ, ಅದು ಜೈಲಿನ ದಾರಿ.

ಸಿನಿಮಾದ "ಪುಸ್" ಶಬ್ದ ನಿರೀಕ್ಷಿಸಬೇಡಿ. 160 ಡೆಸಿಬಲ್ ಮೇಲಿರುವ ಸದ್ದು 20 ರಿಂದ 30 ಡೆಸಿಬಲ್ ಇಳಿಯುತ್ತದೆ. ವೇಗದ ಗುಂಡಿನ ಚಟೀರೆಂಬ ಸದ್ದು ಹಾಗೇ ಉಳಿಯುತ್ತದೆ. ಹಾಗಾಗಿ ಸೈಲೆನ್ಸರ್ ಇದ್ದರೂ ಎಲೆಕ್ಟ್ರಾನಿಕ್ ಕಿವಿಮುಚ್ಚಳ ಹಾಕಿ. ಪಿಸುಮಾತು ಕೇಳಿಸುತ್ತದೆ, ಈಡಿನ ಸದ್ದನ್ನು ತಡೆಯುತ್ತದೆ.

ಹಂತ 6: ಟ್ರೈಪಾಡ್, ಬ್ಯಾಟರಿ, ದೀಪ

ನಿಂತ ಎತ್ತರಕ್ಕೆ ಬರುವ ಗಟ್ಟಿ ಟ್ರೈಪಾಡ್, ಮೇಲೆ ಬಾಲ್ ಹೆಡ್. ಕೋವಿ ಅದರಲ್ಲಿ ಸಿಕ್ಕಿಸಿದರೆ ಎರಡೂ ಕೈ ಮಾನೋಕ್ಯುಲರ್‌ಗೆ ಸಿಗುತ್ತವೆ. ಕ್ಯಾಮೆರಾದ ತೆಳು ಟ್ರೈಪಾಡ್ ಒದೆತಕ್ಕೆ ನಡುಗುತ್ತದೆ. ಸ್ಕೋಪ್‌ಗೆ ಬದಲಿ ಬ್ಯಾಟರಿ ಒಳಜೇಬಿನಲ್ಲಿ ಬೆಚ್ಚಗಿರಲಿ, ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಹಣೆಗೆ ಕಟ್ಟುವ ಕೆಂಪು ದೀಪ ಒಂದು. ಹಾವು ಕಚ್ಚದ ಎತ್ತರದ ಬೂಟು ಬೇಸಿಗೆಯಲ್ಲಿ ಕಡ್ಡಾಯ ಅಂದುಕೊಳ್ಳಿ, ರ‍್ಯಾಟಲ್‌ಸ್ನೇಕ್ ಕೂಡ ರಾತ್ರಿಯೇ ಓಡಾಡುತ್ತದೆ.

ಹಂತ 7: ಗುರಿ ಕೂರಿಸುವುದು

ಮೊದಲು ಸ್ಕೋಪ್ ಮೌಂಟ್‌ನ ತಿರುಪುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ, ತಯಾರಕರು ಹೇಳಿದ ಅಳತೆಗೆ ಬಿಗಿ ಮಾಡಿ. ಬಿಗಿಯಾದ ಮೇಲೆ ತಿರುಪು ಮತ್ತು ಮೌಂಟ್ ಸೇರಿಸಿ ಬಿಳಿ ಬಣ್ಣದ ಒಂದು ಗೀಟು ಎಳೆಯಿರಿ. ತಿರುಪು ಸಡಿಲವಾದರೆ ಗೀಟು ಮುರಿದು ಕಾಣುತ್ತದೆ. ಸೈಲೆನ್ಸರ್ ಹಾಕಿ ಬೇಟೆಯಾಡುವುದಾದರೆ ಹಾಕಿಕೊಂಡೇ ಗುರಿ ಕೂರಿಸಿ, ತೆಗೆದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ತೋಟಾ ಕೂಡ ಬೇಟೆಗೆ ಒಯ್ಯುವುದೇ ಆಗಬೇಕು.

ಥರ್ಮಲ್‌ಗೆ ಕಾಗದದ ಮೇಲಿನ ಕಪ್ಪು ವೃತ್ತ ಕಾಣುವುದಿಲ್ಲ. ಎರಡು ಉಪಾಯಗಳಿವೆ. ಚಳಿಗೆ ಜೇಬಿನಲ್ಲಿಡುವ ಕೈಬಿಸಿ ಪೊಟ್ಟಣವನ್ನು ರಟ್ಟಿನ ಹಿಂದೆ ಅಂಟಿಸಿ, ಬಿಸಿ ಚುಕ್ಕೆಯಾಗಿ ಕಾಣುತ್ತದೆ. ಇಲ್ಲವೇ ಅಲ್ಯೂಮಿನಿಯಂ ಟೇಪಿನ ಒಂದಿಂಚು ಚೌಕ ಅಂಟಿಸಿ, ರಟ್ಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಆ ಟೇಪು ತಣ್ಣಗಿನ ಆಕಾಶವನ್ನು ಕನ್ನಡಿಯಂತೆ ಪ್ರತಿಫಲಿಸಿ ಕಡುಗಪ್ಪಾಗಿ ಕಾಣುತ್ತದೆ. ನಾನು ಟೇಪಿನದೇ ಮಾಡುತ್ತೇನೆ. ಅಂಚು ಚೂಪಾಗಿರುತ್ತದೆ, ಪೊಟ್ಟಣದ ಬಿಸಿ ಮಾತ್ರ ರಟ್ಟಿಗೆಲ್ಲ ಹರಡುತ್ತದೆ.

25 ಗಜದಿಂದ ಶುರು ಮಾಡಿ. ಕೋವಿಯನ್ನು ಮರಳಿನ ಚೀಲಗಳ ಮೇಲೆ ಕೂರಿಸಿ ಒಂದು ಈಡು. ಹೆಚ್ಚಿನ ಥರ್ಮಲ್‌ಗಳಲ್ಲಿ ಫ್ರೀಜ್ ಸೌಲಭ್ಯ ಇದೆ. ಗುರಿಯ ಮೇಲೆ ಸ್ಕೋಪಿನ ಗುರಿಗೆರೆ ಇಟ್ಟು ಚಿತ್ರ ನಿಲ್ಲಿಸಿ, ಗುಂಡು ಬಿದ್ದ ಜಾಗಕ್ಕೆ ಗೆರೆಯನ್ನು ಸರಿಸಿ, ಉಳಿಸಿ. ಹತ್ತಿರದಲ್ಲಿ ಸರಿಯಾದ ಮೇಲೆ 100 ಗಜಕ್ಕೆ ಹೋಗಿ. ಅಲ್ಲಿ ಮೂರು ಮೂರು ಈಡು ಹೊಡೆದು, ಆ ಮೂರರ ನಡುವನ್ನು ನೋಡಿ ತಿದ್ದಿ. ಒಂದೇ ಈಡನ್ನು ನಂಬಿ ತಿದ್ದುತ್ತ ಹೋದರೆ ತೋಟಾ ಡಬ್ಬ ಖಾಲಿಯಾಗುತ್ತದೆ, ಗುರಿ ಕೂರುವುದಿಲ್ಲ. ಕೆಲವು ಥರ್ಮಲ್‌ಗಳಲ್ಲಿ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಒಂದಿಂಚಿನ ಆಸುಪಾಸು ಸರಿಯುತ್ತದೆ. ಗಾಜಿನ ಸ್ಕೋಪಿನಷ್ಟು ನಾಜೂಕು ಇಲ್ಲ, ಹಂದಿಗೆ ಅಷ್ಟು ಸಾಕು. ಸ್ಕೋಪಿನಲ್ಲಿ ಬೇರೆ ಬೇರೆ ಗುರಿ ಉಳಿಸಿಡುವ ಹಲವು ಪ್ರೊಫೈಲ್ ಇದ್ದರೆ ನೀವು ಉಳಿಸಿದ್ದು ಯಾವುದು ಎಂದು ಸ್ಟಾಕ್ ಮೇಲೆ ಬರೆದು ಅಂಟಿಸಿ.

100 ಗಜಕ್ಕೆ ಕೂರಿಸಿದ ಗ್ರೆಂಡೆಲ್ 200 ಗಜದಲ್ಲಿ ಸುಮಾರು ನಾಲ್ಕು ಇಂಚು ಕೆಳಗೆ ಬೀಳುತ್ತದೆ. .300 ಬ್ಲ್ಯಾಕ್‌ಔಟ್‌ನ ವೇಗದ ಗುಂಡು ಅರ್ಧ ಅಡಿ ಆಸುಪಾಸು. ಇದು ಅಂದಾಜು, ನಿಮ್ಮ ನಳಿಗೆ ಮತ್ತು ತೋಟಾದಲ್ಲಿ 50, 150, 200 ಗಜಕ್ಕೆ ಹೊಡೆದು ನೋಡಿಯೇ ಬರೆದುಕೊಳ್ಳಬೇಕು. ಅಂಕಿಗಳನ್ನು ಹಗಲಲ್ಲಿ ತೆಗೆದು, ಒಂದು ಸಂಜೆ ಕತ್ತಲಾದ ಮೇಲೆ ಅದೇ ರೇಂಜಿನಲ್ಲಿ ಕೋವಿಯನ್ನು ಟ್ರೈಪಾಡ್ ಮೇಲಿಟ್ಟು, ನಿಂತು ಹೊಡೆದು ನೋಡಿ. ಮ್ಯಾಗಜಿನ್ ಬದಲಿಸುವುದು, ಸೇಫ್ಟಿ ಹಾಕುವುದು, ಬ್ಯಾಟರಿ ಬದಲಿಸುವುದು ಎಲ್ಲ ಕಣ್ಣಿಲ್ಲದೆ ಬರಬೇಕು.

ಹಂತ 8: ಹೊಲದಲ್ಲಿ

ಹಗಲಲ್ಲೇ ಹೋಗಿ ಜಮೀನು ನಡೆದು ನೋಡಿ. ಮನೆ, ರಸ್ತೆ, ಪಂಪು, ದನ ಇರುವ ದಿಕ್ಕು ಗುರುತು ಮಾಡಿ. ಗುಂಡು ಹೋಗಿ ನಿಲ್ಲುವ ಮಣ್ಣಿನ ದಿಬ್ಬ ಯಾವ ಕಡೆ ಇದೆ, ಯಾವ ಕಡೆ ಏನೇ ಬಂದರೂ ಹೊಡೆಯಬಾರದು, ಇದು ತೀರ್ಮಾನವಾಗಬೇಕಾದ್ದು ಹಗಲಲ್ಲಿ. ಥರ್ಮಲ್‌ನಲ್ಲಿ ತಂತಿ ಬೇಲಿ, ತೆಳು ಕೊಂಬೆ ಸರಿಯಾಗಿ ಕಾಣುವುದಿಲ್ಲ. ಗಾಜಿನ ಆಚೆಗಂತೂ ಏನೂ ಕಾಣುವುದಿಲ್ಲ, ಆದ್ದರಿಂದ ಗಾಡಿಯೊಳಗೆ ಯಾರಾದರೂ ಇದ್ದಾರೋ ಇಲ್ಲವೋ ಅದು ಹೇಳುವುದಿಲ್ಲ.

ಹಂದಿಗೆ ಕಣ್ಣು ಮಂದ, ಮೂಗು ಮಹಾ ಚುರುಕು. ಗಾಳಿ ನಿಮ್ಮ ಮುಖಕ್ಕೆ ಬೀಸುವ ಹಾಗೆ ಸುತ್ತಿಕೊಂಡು ಹೋಗಿ. ಜೊತೆಗೆ ಎಷ್ಟೇ ಜನ ಇರಲಿ, ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ನಿಂತು, ಯಾರ ಪಾಲಿನ ದಿಕ್ಕು ಯಾವುದೆಂದು ಪಿಸುಗುಟ್ಟಿ ನಿಗದಿ ಮಾಡಿ. ಮೊದಲ ಈಡಿನ ಮೇಲೆ ಯಾರೂ ಸಾಲಿನಿಂದ ಮುಂದೆ ಓಡಬಾರದು. ಟ್ರೈಪಾಡ್ ಮೇಲೆ ಕೋವಿ ಕೂತ ಮೇಲೆಯೇ ತೋಟಾ ನಳಿಗೆಗೆ ಹೋಗಬೇಕು.

ಹೊಡೆಯುವ ಜಾಗದ ಬಗ್ಗೆ. ಹಂದಿಯ ಹೃದಯ, ಶ್ವಾಸಕೋಶ ಜಿಂಕೆಗಿಂತ ಮುಂದೆ ಮತ್ತು ಕೆಳಗಿವೆ. ಬೆನ್ನಿನ ಕೂದಲಿನಿಂದ ಮೈ ಎತ್ತರ ಕಾಣುವುದರಿಂದ ಹೊಸಬರು ಮೇಲೆ ಹೊಡೆಯುತ್ತಾರೆ. ಅಡ್ಡ ನಿಂತ ಹಂದಿಯ ಮುಂಗಾಲಿನ ಗೆರೆಯಲ್ಲೇ ಮೇಲೆ ಬಂದು, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ ನಿಲ್ಲಿಸಿ. ಓರೆ ನಿಂತಿದ್ದರೆ, ಹಿಂದೆ ಇನ್ನೊಂದು ನಿಂತಿದ್ದರೆ, ಮುದ್ದೆಯ ತಲೆ ಯಾವ ಕಡೆ ಎಂದು ಗೊತ್ತಾಗದಿದ್ದರೆ ಕಾಯಿರಿ. ಹಿಂಡು ಅಲ್ಲೇ ಮೇಯುತ್ತಿರುತ್ತದೆ, ಅವಸರ ಇಲ್ಲ.

ರ‍್ಯಾಂಚಿನವರಿಗೆ ಸಂಖ್ಯೆಯನ್ನೇ ಇಳಿಸಬೇಕಿದ್ದರೆ ಇಡೀ ಹಿಂಡನ್ನು ಒಟ್ಟಿಗೆ ಹಿಡಿಯುವ ದೊಡ್ಡ ಬಲೆಬೇಲಿ ಕೋವಿಗಿಂತ ಪರಿಣಾಮಕಾರಿ. ಅವರು ಬಲೆ ಹೂಡಿ ಹಂದಿಗಳನ್ನು ಒಗ್ಗಿಸುತ್ತಿದ್ದರೆ ಆ ಕಡೆ ಈಡು ಹೊಡೆಯಬೇಡಿ. ಚೆದುರಿದ ಹಿಂಡು ಬಲೆಗೆ ಮತ್ತೆ ಬರಲು ತುಂಬ ದಿನ ಬೇಕು. ಇದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಮುಂದಿನ ಸಲವೂ ಗೇಟು ತೆರೆಯುತ್ತದೆ.

ಹಂತ 9: ಬಿದ್ದ ಮೇಲೆ

ತಕ್ಷಣ ಹತ್ತಿರ ಹೋಗಬೇಡಿ. ಹಿಂದಿನಿಂದ, ಕೋವಿ ಸಿದ್ಧವಿಟ್ಟುಕೊಂಡು, ದೀಪ ಹಾಕಿ ಹೋಗಿ. ಗಾಯಗೊಂಡ ಗಂಡುಹಂದಿಯ ಕೋರೆ ತೊಡೆ ಸೀಳುವಷ್ಟು ಚೂಪು.

ಮಾಂಸ ಬೇಕಿದ್ದರೆ ಕೈಗವಸು ಹಾಕದೆ ಕೊಯ್ಯಬೇಡಿ. ಈ ಹಂದಿಗಳಲ್ಲಿ ಬ್ರೂಸೆಲ್ಲೋಸಿಸ್ ಇರಬಹುದು. ಕೈಯ ಸಣ್ಣ ಗಾಯದಿಂದಲೇ ಅದು ಮನುಷ್ಯರಿಗೆ ಹತ್ತುತ್ತದೆ, ತಿಂಗಳುಗಟ್ಟಲೆ ಜ್ವರ ಬಂದುಹೋಗುತ್ತಿರುತ್ತದೆ. ಟೆಕ್ಸಾಸ್ ಬೇಸಿಗೆಯಲ್ಲಿ ಮಾಂಸ ಬೇಗ ಕೆಡುತ್ತದೆ, ಐಸ್ ತುಂಬಿದ ಪೆಟ್ಟಿಗೆ ಗಾಡಿಯಲ್ಲೇ ಇರಲಿ. ಮರಿ ಮತ್ತು ಎಳೆಯ ಹೆಣ್ಣುಹಂದಿಯ ಮಾಂಸ ರುಚಿ, ದೊಡ್ಡ ಗಂಡಿನದು ವಾಸನೆ. ಪಂದಿ ಕರಿ ಮಾಡುವವರು ಕಾಚಂಪುಳಿ ಹಾಕುವ ಮುಂಚೆಯೇ ತುಂಡು ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಲಿ. ಜೀವಂತ ಮರಿ ಸಿಕ್ಕಿತೆಂದು ಮನೆಗೆ ತರಬೇಡಿ, ಜೀವಂತ ಹಂದಿ ಸಾಗಿಸುವುದಕ್ಕೆ ಬೇರೆಯೇ ನಿಯಮಗಳಿವೆ.

ಮನೆಗೆ ಬಂದ ಮೇಲೆ ಕೋವಿ ಖಾಲಿ ಮಾಡಿ, ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಸೈಲೆನ್ಸರ್ ಬಳಸಿದ ಎಆರ್ ಒಳಗೆ ಮಸಿ ಜಾಸ್ತಿ ಕೂರುತ್ತದೆ, ಬೋಲ್ಟ್ ಒರೆಸಿ ಎಣ್ಣೆ ಹಾಕಿ. ಸ್ಕೋಪಿನ ಬ್ಯಾಟರಿ ತೆಗೆದಿಡಿ. ಕೋವಿ ಬೀಗದ ಕಪಾಟಿಗೆ, ತೋಟಾ ಬೇರೆ ಪೆಟ್ಟಿಗೆಗೆ. 17 ವರ್ಷದ ಒಳಗಿನ ಮಕ್ಕಳ ಕೈಗೆ ತುಂಬಿದ ಕೋವಿ ಸಿಗುವ ಹಾಗೆ ಇಟ್ಟರೆ ಟೆಕ್ಸಾಸ್‌ನಲ್ಲಿ ಅದೇ ಒಂದು ಅಪರಾಧ. ಮುಂದಿನ ಸಲ ಹೋಗುವ ಮುನ್ನ ಮೌಂಟ್ ಮೇಲಿನ ಬಿಳಿ ಗೀಟು ನೋಡಿ, ರೇಂಜಿಗೆ ಹೋಗಿ ಮೂರು ಈಡು ಹೊಡೆದು ಗುರಿ ಸರಿದಿಲ್ಲ ಎಂದು ಖಚಿತ ಮಾಡಿಕೊಂಡೇ ಹೊರಡಿ.